ಕಸ್ತೂರೆವ್ವನ ಹದಿನಾರ ತಾಸು

೧

ಇದರಾಗ ಒಂದ ಅಕ್ಷರಾನೂ ಸುಳ್ಳ ಇಲ್ರಿ. ನನ್ನ ಎರಡೂ ಕಣ್ಣಾಣಿ. ಎಡಗಣ್ಣಿಗೆ ಪೊರೆ ಬಂದೈತಿ ಖರೆ, ಆದ್ರ ಆಣಿ ಮಾಡಾಕ ಅದೂ ನಡೀತೈತಿ. ಇಂಡಿ ಬಸ್‌ಸ್ಟ್ಯಾಂಡಿನ ಮುಂದ ಮೋಟಾರ ರಿವೈಂಡಿಂಗ ಅಂಗಡಿ ಇಟ್ಟಾಂವ ನಾ. ಇಪ್ಪತ್ತಾರ ವರ್ಷದಾಗ ಸುಟ್ಟ ಮೋಟಾರಕ್ಕ ಸುಟ್ಟಿಲ್ಲ ಅಂತ ಒಮ್ಮೆನೂ ಹೇಳಿಲ್ಲ. ಸುಡದಿದ್ದ ಮೋಟಾರಕ್ಕ ಸುಟ್ಟೈತಿ ಅಂತ ಹೇಳಿರಬಹುದು. ಅದ ಬ್ಯಾರೆ ಮಾತು.

ಈಗ ಪ್ರಶ್ನೆ ಏನಪಾ ಅಂದ್ರ, ಈ ಕತಿ ಎಲ್ಲಿಂದ ಸುರು ಮಾಡೂದು?

ಮೊದಲನೇ ಸುರುವಾತು: "ಮುಂಜಾನಿ ನಾಕ ಗಂಟೆ. ಆಕಾಶದ ತುಂಬ ಚುಕ್ಕಿ..." ಬ್ಯಾಡ. ಅವತ್ತ ಮಾಡ ಹಾಕಿ ಒಂದ ಚುಕ್ಕೀನೂ ಇರಲಿಲ್ಲ. ಆಣಿ ಮಾಡಿ ಇನ್ನ ಎರಡ ನಿಮಿಷ ಆಗಿಲ್ಲ.

ಎರಡನೇದ್ದು: "ಕೃತಕ ಬುದ್ಧಿಮತ್ತೆ ಮತ್ತು ಗ್ರಾಮೀಣ ಮಹಿಳೆ..." ಇದು ಕತಿ ಅಲ್ಲ, ಸೆಮಿನಾರಿನ ಬ್ಯಾನರ್. ಮುಂದ ಬಿಸ್ಕಿಟ ಇಡಬೇಕಾಗ್ತೈತಿ.

ಮೂರನೇದ್ದು: ಕಬ್ಬ ಹೇರಿದ ಟ್ರ್ಯಾಕ್ಟರಿನ ಹಿಂದ ಒಬ್ಬಾಕಿ ಹೆಣ್ಣಮಗಳು ಸೈಕಲ್ ತುಳಕೋತ ಹೊಂಟಾಳ.

ಹಾಂ. ಇದ ನಡೀತೈತಿ.

೨

ಆಕಿ ಹೆಸರು ಕಸ್ತೂರೆವ್ವ. ವಯಸ್ಸ ನಲವತ್ತನಾಕು. ಇಂಡಿಯ ಒಂದ ಹೆಣ್ಣಮಕ್ಕಳ ಹೈಸ್ಕೂಲಿನಾಗ ಬಿಸಿಯೂಟದ ಅಡಗಿ ಮಾಡ್ತಾಳ. ಹಳ್ಳಿಯಿಂದ ಸಾಲಿಗೆ ದಿನಾ ಸೈಕಲ್ ಮ್ಯಾಲೇ ಬರ್ತಾಳ.

ಆ ಸಾಲ್ಯಾಗ ಸೈಕಲ್ ರೇಸಿನ ಹುಡುಗ್ಯಾರು ಹನ್ನೊಂದ ಮಂದಿ ಅದಾರ. ನಮ್ಮ ಕಡೆ ಸೈಕಲ್ ರೇಸ್ ಅಂದ್ರ ಹುಚ್ಚು. ಆದ್ರ ಅವರನ್ನ ರೋಡಿಗೆ ಕರಕೊಂಡ ಹೋಗ್ತಿದ್ದ ಟೀಚರ ಟ್ರಾನ್ಸಫರ್ ಆಗಿ ಹೋದ್ರು. ತಂದಿ-ತಾಯಿಗಳು ಒಂದ ಮಾತು ಹೇಳಿಬಿಟ್ರು: "ಜೋಡಿ ಒಬ್ಬಾಕಿ ಹೆಣ್ಣಮಗಳು ಇದ್ರ ಕಳಸ್ತೇವಿ. ಇಲ್ಲಂದ್ರ ಇಲ್ಲ." ಹನ್ನೊಂದ ಸೈಕಲ್ಲು ಸಾಲಿ ಹಿಂದಿನ ಖೋಲ್ಯಾಗ ತಾಡಪತ್ರಿ ಹೊಚ್ಚಿಕೊಂಡ ಮಲಗಿದ್ವು.

"ನಾ ಬರ್ತೇನಿ" ಅಂದಳು ಕಸ್ತೂರೆವ್ವ, ಸಾರಿಗೆ ಒಗ್ಗರಣಿ ಹಾಕ್ಕೋತ.

ಆದ್ರ ಸೈಕಲ್ ಸಂಘದವರದ್ದು ಒಂದ ಕಾಯ್ದೆ ಐತಿ. ಹುಡುಗ್ಯಾರನ್ನ ಹೈವೇಕ್ಕ ಒಯ್ಯೂವಾಕಿ ಮೊದಲ ತಾನು 'ನಾಲ್ಕ ತಾಲೂಕಿನ ಸವಾರಿ' ಮುಗಿಸಿರಬೇಕು. ಇಂಡಿ ಬಿಟ್ಟು ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಮುಟ್ಟಿ, ಹೊಳ್ಳಿ ಇಂಡಿಗೆ. ಎರಡನೂರಾ ಐವತ್ತ ಕಿಲೋಮೀಟರ. ಹದಿನಾರ ತಾಸಿನಾಗ. ಮುಂಜಾನಿ ನಾಕಕ್ಕ ಬಿಟ್ರ ರಾತ್ರಿ ಎಂಟರ ಒಳಗ ಸಾಲಿ ಗೇಟು ಮುಟ್ಟಬೇಕು. ಎಂಟ ಹೊಡದ ಮ್ಯಾಲ ಬಂದ್ರ ಬಂದಂಗ ಅಲ್ಲ. ವರ್ಷಕ್ಕ ಒಮ್ಮೆ, ಮಾರ್ಚಿನಾಗ. ಈ ಸಲ ತಪ್ಪಿದ್ರ ಮುಂದಿನ ಮಾರ್ಚಿ, ಅಷ್ಟರಾಗ ಹನ್ನೊಂದರಾಗ ಏಳ ಮಂದಿ ಹತ್ತನೇತ್ತ ಮುಗಿಸಿ ಹೊಕ್ಕಾರ. ಹೋದ ಹುಡುಗಿ ಹೊಳ್ಳಿ ಸೈಕಲ್ ಹತ್ತೂದು ನಾನಂತೂ ನೋಡಿಲ್ಲ.

(ನೋಡೇನಿ, ಒಬ್ಬಾಕೀನ. ಆಕಿ ಕತಿ ಬ್ಯಾರೆ ಐತಿ. ನಡುವ ಬಾಯಿ ಹಾಕಬ್ಯಾಡ್ರಿ.)

ಆ ಹುಡುಗ್ಯಾರಾಗ ಪ್ರಿಯದರ್ಶಿನಿ ಅಂತ ಒಬ್ಬಾಕಿ ಅದಾಳ, ಒಂಬತ್ತನೇತ್ತ. ಆಕಿ ಕಸ್ತೂರೆವ್ವನ ಕೈಗೆ ಒಂದ ವಾಚ್ ಕಟ್ಟಿ, ಫೋನಿನಾಗ 'ಸಹಿಷ್ಣು' ಅನ್ನೂ ಎಐ ಕೋಚ್ ಹಾಕಿಕೊಟ್ಟಳು. ಅದು ಮಾತಾಡ್ತೈತಿ. ಟಿವಿ ವಾರ್ತೆ ಓದೂವರಂಗ.

"ನಮಸ್ಕಾರ ಕಸ್ತೂರೆವ್ವ ಅವರೇ! ನಿಮ್ಮ ಸದ್ಯದ ದೈಹಿಕ ಚಟುವಟಿಕೆಯ ಮಟ್ಟವನ್ನು ಆಯ್ಕೆ ಮಾಡಿ. ಅಲ್ಪ, ಮಧ್ಯಮ ಅಥವಾ ಅಧಿಕ."

"ನಾಕನೂರ ಮಂದಿ ಅನ್ನದ ಬೋಗಾಣಿ ಒಲಿ ಮ್ಯಾಲಿಂದ ಇಳಸೂದು ಯಾವುದರಾಗ ಬರ್ತೈತಿ?" ಅಂತ ಕಸ್ತೂರೆವ್ವ ಪ್ರಿಯದರ್ಶಿನಿಗೆ ಕೇಳಿದಳು.

"ಅದು ಇದರಾಗ ಇಲ್ಲ ಯಕ್ಕಾ."

"ಹಂಗಾರ ಅಲ್ಪ ಅಂತ ಹಾಕು. ಸುಮ್ನ ಯಾಕ ಜಂಬ."

ಅವತ್ತಿನಿಂದ ಆಕಿ ಅದಕ್ಕ ಸಹಿಷ್ಣಪ್ಪ ಅಂತ ಕರ್ಯಾಕ ಹತ್ತಿದಳು.

೩

ಈಗ ಟ್ರ್ಯಾಕ್ಟರ.

ಕಬ್ಬಿನ ಸೀಜನ್ನಿನಾಗ ಚಡಚಣದ ಕಡಿಂದ ಫ್ಯಾಕ್ಟರಿಗೆ ಟ್ರ್ಯಾಕ್ಟರಗಳು ಸಾಲ ಹಚ್ಚಿ ಬರ್ತಾವು. ಒಂದೊಂದಕ್ಕ ಎರಡೆರಡ ಟ್ರಾಲಿ, ಮ್ಯಾಲ ಎರಡ ಆಳ ಎತ್ತರ ಕಬ್ಬು. ಕಸ್ತೂರೆವ್ವ ಸಂಜಿಮುಂದ ಸಂಘದ ಹಳೆ ಗೇರ್ ಸೈಕಲ್ ತಗೊಂಡ ಆ ರೋಡಿಗೇ ಹೋಗ್ತಿದ್ದಳು. ಅದರಾಗ ಡ್ರೈವರ ನಬಿಸಾಬನ ಟ್ರಾಲಿ ಹಿಂದ ಹತ್ತಿಬಿಟ್ಳಂದ್ರ ಮುಗೀತು. ಮುಂದ ಕಬ್ಬಿನ ಗೋಡಿ. ಗಾಳಿ ಅನ್ನೂದೇ ಇಲ್ಲ. ಮನಿ ಪಡಸಾಲ್ಯಾಗ ಸೈಕಲ್ ಹೊಡದಂಗ.

"ಏ ತಂಗಿ, ಅಷ್ಟ ಸನ್ಯಾಕ ಬರಬ್ಯಾಡ. ಕಬ್ಬ ಬಿದ್ದೀತು ತಲಿ ಮ್ಯಾಲ" ಅಂತ ನಬಿಸಾಬ ಹೊಳ್ಳಿ ಒದರ್ತಿದ್ದ.

"ಬಿದ್ರ ತಿಂತೇನಿ ಬಿಡ್ರಿ ಅಣ್ಣಾರ!"

ಮನಿಗೆ ಬಂದ ಮ್ಯಾಲ ಸಹಿಷ್ಣಪ್ಪ ಹೇಳ್ತಿತ್ತು: "ಅದ್ಭುತ! ಸರಾಸರಿ ವೇಗ ಇಪ್ಪತ್ತೈದು. ಹೃದಯ ಬಡಿತ ಕೇವಲ ನೂರಾ ಎಂಟು. ನಿಮ್ಮ ವಯೋಮಾನದವರಲ್ಲಿ ನೀವು ಅತ್ಯುನ್ನತ ಶೇಕಡಾ ಒಂದರಲ್ಲಿದ್ದೀರಿ. ನಾಲ್ಕು ತಾಲ್ಲೂಕಿನ ಸವಾರಿಗೆ ನಿಮ್ಮ ಅಂದಾಜು ಸಮಯ ಹತ್ತು ಗಂಟೆ ಐವತ್ತು ನಿಮಿಷ."

ಹುಡುಗ್ಯಾರು ತಾಡಪತ್ರಿ ತಗದು ಸೈಕಲ್ ಒರಸಾಕ ಹತ್ತಿದ್ರು. ಹೆಡ್‌ಮಾಸ್ತರು ಆಕಿಗೆ ಎರಡ ತತ್ತಿ ಜಾಸ್ತಿ ತಿನ್ನಾಕ ಹೇಳಿದ್ರು. ಹತ್ತ ವಾರ ಹಿಂಗ ನಡೀತು.

(ಇಲ್ಲಿ ನೀವು ಕೇಳ್ತೀರಿ, ಆಕಿಗೆ ಗೊತ್ತಾಗಲಿಲ್ಲೇನು ಅಂತ. ನಾನೂ ಇದನ್ನ ಬರಿಯೂವಾಗ ಪೆನ್ನ ಕೆಳಗಿಟ್ಟು ಆಕಿನ್ನೇ ಕೇಳಿದೆ.

"ಏನ ಕಸ್ತೂರಿ, ಗಾಳಿ ಟ್ರ್ಯಾಕ್ಟರ ತಡೀತಿತ್ತು ಅಂತ ಅದಕ್ಕ ಹೇಳಬಾರದಿತ್ತೇನು?"

"ಅದು ಕೇಳಿದ್ದು ಎಷ್ಟ ನೀರ ಕುಡದಿ, ಎಷ್ಟ ನಿದ್ದಿ ಮಾಡಿದಿ, ಮನಸ್ಸು ಹೆಂಗೈತಿ. ಮುಂದ ಏನರೆ ಐತೇನು ಅಂತ ಕೇಳೇ ಇಲ್ಲ. ಕೇಳಿದ್ರ ಹೇಳ್ತಿದ್ದೆ. ನಾ ಏನ ನಿಮ್ಮಂಗ ಸುಳ್ಳ ಹೇಳೂವಾಕಿ ಅಲ್ರಿ ಅಣ್ಣಾರ."

ಆ ಕಡೀ ಮಾತು ಹೊಡದ ಹಾಕಬೇಕಂತ ಮಾಡಿದ್ದೆ. ಆಣಿ ಅಡ್ಡ ಬಂತು.)

ಫೆಬ್ರುವರಿ ನಡುವ ಫ್ಯಾಕ್ಟರಿ ಬಂದ್ ಆತು. ಮರುದಿನ ರೋಡಿನಾಗ ಟ್ರ್ಯಾಕ್ಟರ ಇಲ್ಲ. ಗಾಳಿ ಮಾತ್ರ ಇತ್ತು, ಹತ್ತ ವಾರದ್ದು ಒಮ್ಮೆಲೇ. ಆಕಿ ತುಳದಳು, ತುಳದಳು. ವೇಗ ಹದಿನೈದು. ಹೃದಯ ನೂರಾ ಅರವತ್ತೊಂದು.

"ನಿಮ್ಮ ಆರೋಗ್ಯದಲ್ಲಿ ಗಂಭೀರ ಬದಲಾವಣೆ ಕಂಡುಬಂದಿದೆ. ದಯವಿಟ್ಟು ವೈದ್ಯರನ್ನು ಕಾಣಿ. ಆರು ವಾರಗಳ ಸಂಪೂರ್ಣ ವಿಶ್ರಾಂತಿಯನ್ನು ಸೂಚಿಸುತ್ತೇನೆ."

ಸವಾರಿಗೆ ಉಳದಿದ್ದು ಬರೇ ಮೂರೂವರಿ ವಾರ. ಎರಡನೇ ದಿನಾನೂ ಅದ ಮಾತು. ಮೂರನೇ ದಿನ ಸಹಿಷ್ಣಪ್ಪ ದನಿ ಸಣ್ಣ ಮಾಡಿ ಕೇಳ್ತು: "ಇತ್ತೀಚೆಗೆ ನೀವು ಆಪ್ತರಾದ ಯಾರನ್ನಾದರೂ ಕಳೆದುಕೊಂಡಿದ್ದೀರಾ?"

"ಹೌದು."

"ನನ್ನ ಹೃತ್ಪೂರ್ವಕ ಸಾಂತ್ವನಗಳು. ಯಾರು?"

"ಟ್ರ್ಯಾಕ್ಟರ."

ಫೋನಿನಾಗ ಒಂದ ಚಕ್ರ ಭಾಳ ಹೊತ್ತ ತಿರಗ್ತು. "ದಯವಿಟ್ಟು ವಿವರಿಸಿ" ಅಂತು. ಆಕಿ ಕಬ್ಬ, ಟ್ರಾಲಿ, ನಬಿಸಾಬ ಎಲ್ಲಾ ಹೇಳಿದಳು. ಮತ್ತ ಚಕ್ರ. ಆಮ್ಯಾಲ:

"ಹಾಗಾದರೆ ಕಳೆದ ಹತ್ತು ವಾರಗಳ ನನ್ನ ಎಲ್ಲ ಅಂದಾಜುಗಳೂ ತಪ್ಪು. ಕ್ಷಮಿಸಿ. ಮೊದಲಿನಿಂದ ಆರಂಭಿಸೋಣ."

ಇಷ್ಟ ವರ್ಷದಾಗ ಯಾವ ಗಂಡಸಿನ ಬಾಯಾಗೂ ಆಕಿ ಈ ಮಾತ ಕೇಳಿರಲಿಲ್ಲ. ಅದಕ್ಕ ಅದರ ಮ್ಯಾಲ ಆಕಿಗೆ ಒಂಚೂರ ವಿಶ್ವಾಸ ಹುಟ್ಟಿತು.

ಗಾಳ್ಯಾಗ ಹತ್ತ ದಿನ ತುಳಿಸಿ, ಎಂಬತ್ತ ಕಿಲೋಮೀಟರಿನ ಒಂದ ಸವಾರಿ ಮಾಡಿಸಿ, ಸಹಿಷ್ಣಪ್ಪ ಹೊಸಾ ಅಂದಾಜು ಕೊಟ್ಟಿತು. ಹದಿನಾರ ತಾಸ ನಲವತ್ತ ನಿಮಿಷ.

ಅಡಗಿ ಖೋಲ್ಯಾಗ ಹನ್ನೊಂದೂ ಹುಡುಗ್ಯಾರು ನಿಂತಿದ್ರು. ಪ್ರಿಯದರ್ಶಿನಿ ಸೈಕಲ್ ಒರಸೂ ಅರಬಿ ಮಡಚಿ ಕಿಸೇದಾಗ ಇಟ್ಟಗೊಂಡಳು.

೪

ಈ ನಾಕನೇ ಭಾಗ ಮೊದಲ ಬರದಿದ್ದೆ. ಇದರಾಗ ಕಸ್ತೂರೆವ್ವ ಅತ್ತಿದ್ದಳು, ಭಾಳ ಛಲೋ ಅತ್ತಿದ್ದಳು. ಆಕಿ ಓದಿಸಿ ಕೇಳಿ, ಹರದು ಒಲಿಗೆ ಹಾಕಿದಳು. "ಉಳ್ಳಾಗಡ್ಡಿ ಹೆಚ್ಚಾಕತ್ತಿದ್ದೆ, ಅಷ್ಟ" ಅಂದಳು. ಅದಕ್ಕ ಸೀದಾ ಐದಕ್ಕ ಹೋಗೂಣು.

೫

"ನಿಮ್ಮ ಕಾಲುಗಳಲ್ಲಿ ತೊಂದರೆಯಿಲ್ಲ" ಅಂತು ಸಹಿಷ್ಣಪ್ಪ ಮರುದಿನ. "ಚಲಿಸುವಾಗ ಗಂಟೆಗೆ ಹದಿನೆಂಟು ಕಿಲೋಮೀಟರ್ ಇದ್ದೀರಿ, ಅದು ಸಾಕು. ಆದರೆ ಎಂಬತ್ತು ಕಿಲೋಮೀಟರ್ ಸವಾರಿಯಲ್ಲಿ ನೀವು ಆರು ಕಡೆ ನಿಂತಿದ್ದೀರಿ. ಒಟ್ಟು ಐವತ್ತೈದು ನಿಮಿಷ. ಕಾರಣ?"

"ಚಾ."

"ಆರು ಬಾರಿ?"

"ಆರ ಮನಿ."

"ಮುಂದಿನ ಬಾರಿ ಚಹಾ ನಿರಾಕರಿಸಬಹುದಲ್ಲವೇ?"

ಕಸ್ತೂರೆವ್ವ ಫೋನ ದೂರ ಹಿಡದು ಪ್ರಿಯದರ್ಶಿನಿ ಮಾರಿ ನೋಡಿದಳು. "ಯವ್ವಾ, ಇದಕ್ಕ ಬಂಧು-ಬಳಗ ಯಾರೂ ಇಲ್ಲೇನ?"

ಓದೂವರೇ, ನೀವು ತೆಂಕಣ ಕಡೇದವರಿದ್ರ ಸ್ವಲ್ಪ ಕೇಳ್ರಿ. ನಾಲ್ಕೂ ತಾಲೂಕಿನಾಗ ಆಕಿಗೆ ಮಂದಿ ಅದಾರ. ಸಿಂದಗ್ಯಾಗ ಸೋದರತ್ತಿ. ಮುದ್ದೇಬಿಹಾಳದಾಗ ದೊಡ್ಡವ್ವನ ಮಗಳು. ಬಾಗೇವಾಡಿ ದಾಟಿದ್ರ ಮನಗೂಳ್ಯಾಗ ಗಂಡನ ತಂಗಿ ಕಾಶಿಬಾಯಿ. ಬಾಗಲದ ಮುಂದ ಹಾದು, ಇಳೀದ, ಚಾ ಕುಡೀದ ಹೋದ್ರ ಅದು ಹೋಗೂದಲ್ಲ, ಜಗಳ ತಗ್ಯೂದು. ಹದಿನೈದ ವರ್ಷದ ಹಿಂದ ಒಮ್ಮೆ ಆಕಿ ಬಸ್ಸಿನಾಗ ಕುಂತ ಮನಗೂಳಿ ದಾಟಿ ಹೋಗಿದ್ಲು. ಕಾಶಿಬಾಯಿ ಅದನ್ನ ಇನ್ನೂ ಪ್ರತಿ ಲಗ್ನದಾಗ ಊಟಕ್ಕ ಕುಂತಾಗ ತಗೀತಾಳ.

ಸಹಿಷ್ಣಪ್ಪ ತಾನಾ ಒಂದ ಮೆಸೇಜ್ ಬರಕೊಟ್ಟಿತು: "ಪ್ರೀತಿಯ ಬಂಧುಗಳೇ, ಮುಂಬರುವ ಭಾನುವಾರದಂದು ನಾನು ನಿಮ್ಮ ಮನೆಯ ಮುಂದೆ ಹಾದುಹೋಗಲಿದ್ದು, ನಿಲ್ಲಲು ಸಾಧ್ಯವಾಗದಿರುವುದಕ್ಕೆ ವಿಷಾದಿಸುತ್ತೇನೆ." ಪ್ರಿಯದರ್ಶಿನಿ ಅದನ್ನ ಕಸ್ತೂರೆವ್ವನ ಮನಿ ಮಂದಿ ವಾಟ್ಸಾಪ್ ಗ್ರೂಪಿಗೆ ಹಾಕಿದಳು.

ಎರಡ ನಿಮಿಷಕ್ಕ ಕಾಶಿಬಾಯಿ ಫೋನು.

"ವೈನಿ, ಯಾರ ಹೋದ್ರು?"

"ಯಾರೂ ಹೋಗಿಲ್ಲವಾ. ನಾ ಹೊಂಟೇನಿ. ಸೈಕಲ್ ಮ್ಯಾಲ."

ಎಲ್ಲಾ ಬಿಡಿಸಿ ಹೇಳಿದಳು. ಹುಡುಗ್ಯಾರು, ಎಂಟ ಗಂಟೆ, ನಲವತ್ತ ನಿಮಿಷ. ಕಾಶಿಬಾಯಿ ಎಲ್ಲಾ ಕೇಳಿ ಅಂದಳು: "ನೀ ನಿಂದರೂದ ಬ್ಯಾಡ ತಗೋ. ನಾವ ಓಡ್ತೇವಿ."

"ಏನ ಓಡ್ತೀ?"

"ಚಾ ಹಿಡಕೊಂಡ ಓಡ್ತೇವಿ. ನೀ ಸೈಕಲ್ ಮ್ಯಾಲ ಕುಡಿ. ಮಾತಾಡೂದು ಓಡಕೋತ ಮಾತಾಡ್ತೇವಿ. ನಾಳಿಂದ ನಾನೂ ಪ್ರಾಕ್ಟೀಸ ಮಾಡ್ತೇನಿ."

ಇದನ್ನ ಸಹಿಷ್ಣಪ್ಪಗ ಹೇಳಿದ್ರು. ಚಕ್ರ ತಿರಗ್ತು. "ವೃತ್ತಿಪರ ತಂಡಗಳೂ ಹೀಗೆಯೇ ಮಾಡುತ್ತವೆ" ಅಂತು. "ಹೊಸ ಅಂದಾಜು, ಹದಿನೈದು ಗಂಟೆ ಐವತ್ತೆಂಟು ನಿಮಿಷ."

ಎರಡ ನಿಮಿಷ ಉಳೀತು. ಹನ್ನೊಂದ ಹುಡುಗ್ಯಾರಿಗೆ ಎರಡ ನಿಮಿಷ.

೬

ಸವಾರಿ ದಿನ ನಾನೂ ಇದ್ದೆ. ಸಂಘದವರ ಮೋಟಾರಸೈಕಲ್ ಮ್ಯಾಲ, ಆಕಿ ಸೈಕಲ್ಲಿನ ಹಿಂದ. (ನಮ್ಮ ಅಂಗಡಿ ಬಾಜೂದವರನ್ನ ಕೇಳಿದ್ರ ಅವತ್ತ ನಾ ಅಂಗಡ್ಯಾಗ ಇದ್ದೆ ಅಂತಾರ. ಅವರಿಗೆ ನನ್ನ ಕಂಡ್ರ ಆಗೂದಿಲ್ಲ.)

ಮುಂಜಾನಿ ಸಿಂದಗಿ. ಸೋದರತ್ತಿ ಎಂಬತ್ತರ ಮುದುಕಿ. ಪ್ಲಾಸ್ಟಿಕ ಪಾಕೀಟಿನಾಗ ಚಾ ಕಟ್ಟಿ, ಸೀರಿ ಎತ್ತಿ ಸಿಗಿಸಿ, ರೋಡಿನ ಬಾಜೂಕ ತಯಾರ ನಿಂತಿದ್ಲು. ಕಸ್ತೂರೆವ್ವ ಬಂದದ್ದ ತಡ, ಓಡಿದಳು ನೋಡ್ರಿ.

"ಎಮ್ಮಿ ಈಯ್ತೇನ?"

"ಈಯ್ತತ್ತಿ!"

"ಹೆಣ್ಣೋ ಗಂಡೋ?"

"ಹೆಣ್ಣು!"

"ಗಿಣ್ಣ ಕಳಿಸಲೇ ಇಲ್ಲಲ್ಲಾ!"

ಅಷ್ಟ ಅಂದು ಮುದುಕಿ ಚಾ ಕೈಯಾಗ ಇಟ್ಟು, ಇನ್ನೂ ಸಿಟ್ಟಿನಾಗ, ಸೈಕಲ್ ದಾಟಿ ಮುಂದ ಹೋಗಿಬಿಟ್ಳು. ಸಹಿಷ್ಣಪ್ಪ ವಾಚಿನಾಗಿಂದ "ಒಬ್ಬ ಸ್ಪರ್ಧಿ ನಿಮ್ಮನ್ನು ಹಿಂದಿಕ್ಕಿದ್ದಾರೆ" ಅಂತು. ಖರೇನ್ರಿ. ಎಡಗಣ್ಣಲ್ಲ, ಬಲಗಣ್ಣಿಲೆ ನೋಡೇನಿ.

ಮುದ್ದೇಬಿಹಾಳದಾಗ ದೊಡ್ಡವ್ವನ ಮಗಳು ಒಂದ ಸಮಸ್ಯೆ ಮಾಡಿದಳು. ಬರೇ ಚಾ ಕೊಟ್ರ ಹೆಂಗ ಅಂತ ಕುಬಸ ಹೊಲಸೂ ಕಣದ ಅರಬೀನೂ ಕೈಗೆ ಕೊಟ್ಟಳು. ಕಸ್ತೂರೆವ್ವ ಅದನ್ನ ಹ್ಯಾಂಡಲಕ್ಕ ಸುತ್ತಿಕೊಂಡಳು, ಬಿಸಲಾಗ ಬೆವತ ಕೈ ಜಾರೂದು ನಿಂತಿತು.

ಬಾಗೇವಾಡಿ ಬಿಟ್ಟ ಮ್ಯಾಲ ಗಾಳಿ ಎದ್ದಿತು. ಮನಗೂಳ್ಯಾಗ ಕಾಶಿಬಾಯಿ ಓಣಿ ಮಂದೀನ್ನೆಲ್ಲಾ ಕಟಗೊಂಡ ನಿಂತಿದ್ಲು. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ, ಸುರಳಿ ಮಾಡಿ, ಓಡಕೋತ ವೈನಿ ಬಾಯಾಗ ತುರಕಿದಳು. ಏದುಸಿರು ಬಿಟಗೋತ ಅಂದಳು: "ಆ ಬಸ್ಸಿನ ಮಾತು... ಇವತ್ತಿಗೆ ಬಿಟ್ಟೇನಿ. ಹೋಗು... ಹೋಗು!"

ಬಾಯಿ ತುಂಬ ರೊಟ್ಟಿ ಇತ್ತು. ಕಸ್ತೂರೆವ್ವ ಬರೇ ಗೋಣ ಹಾಕಿದಳು.

೭

ಮನಗೂಳಿ ದಾಟಿ ಭಾಳ ದೂರ ಬಂದಿದ್ವಿ. ಹೊತ್ತ ಮುಣಗಾಕತ್ತಿತ್ತು. ಇಂಡಿ ಇನ್ನ ಇಪ್ಪತ್ತೇಳ ಕಿಲೋಮೀಟರ. ಎದುರಿನ ಗಾಳಿ ಎದಿ ಹಿಡದ ಹಿಂದ ದಬ್ಬತಿತ್ತು.

"ಈಗಿನ ಅಂದಾಜು, ಹದಿನಾರು ಗಂಟೆ ಐದು ನಿಮಿಷ" ಅಂತು ವಾಚು.

ನನಗ ತಡಕೊಳ್ಳಾಕ ಆಗಲಿಲ್ಲ. ಬರಿಯಾಂವ ನಾನು, ನನ್ನ ಕೈಯಾಗ ಒಂದ ಟ್ರ್ಯಾಕ್ಟರ ಇಲ್ಲೇನು? ಒಂದ ಸಾಲ ಬರದೆ: ಅಷ್ಟರಾಗ ಅಡ್ಡದಾರಿಯಿಂದ ನಬಿಸಾಬನ ಟ್ರ್ಯಾಕ್ಟರ ಬಂತು, ಟ್ರಾಲಿ ತುಂಬ ಜ್ವಾಳದ ಕಣಕಿ ಮೇವು.

"ಬಾ ತಂಗಿ, ಹಿಂದ ಹತ್ತು!" ಅಂದ ನಬಿಸಾಬ.

"ಬ್ಯಾಡ್ರಿ ಅಣ್ಣಾರ. ಗಾಡಿ ಹಿಂದ ಹೋಗೂಹಂಗಿಲ್ಲ, ಸಂಘದ ಕಾಯ್ದೆ ಐತಿ. ನಾಳಿ ಹುಡುಗ್ಯಾರಿಗೆ ಯಾವ ಮಾರಿ ತೋರಸ್ಲಿ?" ಆಕಿ ತುಳಿಯೂದು ಬಿಡಲಿಲ್ಲ. "ಇಷ್ಟಕ್ಕೂ ನಿಮ್ಮನ್ನ ಇಲ್ಲಿ ಕರಸಿದವರ ಯಾರು?"

ನಬಿಸಾಬ ನನ್ನ ಕಡೆ ಬಟ್ಟ ಮಾಡಿದ. "ಇಂವ ನೋಡು. ರಂಜಾನ ರೋಜಾ ಬಿಡೂ ಹೊತ್ತಿನ್ಯಾಗ ಮನಿಯಿಂದ ಎಬ್ಬಿಸಿ ತಂದಾನ. ಮನ್ಯಾಗ ಹೇಣ್ತಿ ಶಮ್ಶುನ್ನೀಸಾ ಪ್ಲೇಟ ಹಚ್ಚಿ ಕುಂತಾಳ."

ಇಬ್ಬರೂ ನನ್ನ ನೋಡಿದ್ರು. ನಾ ಮಾಡ ಐತೋ ಇಲ್ಲೋ ಅಂತ ಆಕಾಶ ನೋಡಿದೆ.

ದೂರದ ಮಸೂತ್ಯಾಗ ಅಜಾನ ಆತು. ನಬಿಸಾಬ ಸ್ಟೇರಿಂಗ ಒಂದ ಕೈಯಾಗ ಹಿಡದು, ಕಿಸೇದಾಗಿನ ಖಜೂರ ತಗದ. ಒಂದ ಬಾಯಾಗ ಹಾಕ್ಕೊಂಡ, ಎರಡ ಆಕಿ ಕೈಗೆ ಕೊಟ್ಟ. "ಕಾಯ್ದೇದಾಗ ಇದು ನಡೀತೈತೇನು?"

"ಇದ ನಡೀತೈತಿ."

"ಹಂಗಾರ ನೀ ಮುಂದ ಹೋಗು. ನಾ ಹಿಂದ ಬರ್ತೇನಿ. ಕತ್ತಲಾಗಾಕತ್ತೈತಿ, ರೋಡಿಗೆ ಬೆಳಕರೆ ಬೀಳ್ಲಿ."

ನಾ ಹಿಂಗ ಬರದಿರಲಿಲ್ಲ. ಅಂವ ತಾನಾ ಹಿಂದ ಹೋದ. ಟ್ರ್ಯಾಕ್ಟರಿನ ಬೆಳಕಿನಾಗ ಆಕಿ ನೆರಳು ಮುಂದ ಉದ್ದಕ ಬಿದ್ದಿತ್ತು. ಆಕಿ ಅದನ್ನ ಹಿಡ್ಯಾಕ ಹೋದಂಗ ತುಳದಳು. ಸಹಿಷ್ಣಪ್ಪ ಹದಿನಾರು ಗಂಟೆ ನಾಲ್ಕು ಅಂತು, ಆಮ್ಯಾಲ ಮೂರು, ಆಮ್ಯಾಲ ಎರಡು. "ಇದು ನನ್ನ ಲೆಕ್ಕಕ್ಕೆ ಸಿಗುತ್ತಿಲ್ಲ. ಆದರೆ ದಯವಿಟ್ಟು ಹೀಗೆಯೇ ಮುಂದುವರಿಸಿ" ಅಂತು.

೮

ಏಳ ನಲವತ್ತೇಳು. ಇಂಡಿ ಲೈಟ ಕಾಣಾಕತ್ತಾವು. ಸಾಲಿ ಗೇಟಿಗೆ ನಾಕ ಕಿಲೋಮೀಟರ.

ಇಲ್ಲಿ ನಾ ಕತಿ ನಿಲ್ಲಿಸಿದೆ. ಮುಕ್ತಾಯ ಅಂದ್ರ ಸಣ್ಣ ಮಾತಲ್ಲ.

ಮೊದಲನೇ ಮುಕ್ತಾಯ: ಏಳ ಐವತ್ತೆಂಟಕ್ಕ ಗೇಟು. ಎಲ್ಲಾರೂ ಕುಣೀತಾರ. (ನೀವ ನಂಬೂದಿಲ್ಲ. ನನ್ನ ಕತಿ ಯಾರ ನಂಬ್ಯಾರ?)

ಎರಡನೇದ್ದು: ಎಂಟ ದಾಟಿ ಮೂರ ನಿಮಿಷ. ಗೇಟಿನಾಗ ಸಂಘದವರು ತಲಿ ತಗ್ಗಿಸಿ ನಿಂತಾರ. (ಇದನ್ನ ಬರದ್ರ ಬಹುಮಾನ ಬರ್ತೈತಿ ಅಂತಾರ.)

"ಅಣ್ಣಾರ!"

ನೋಡಿದ್ರ ಕಸ್ತೂರೆವ್ವ ಒಂದ ಕಾಲ ನೆಲಕ್ಕ ಊರಿ ನಿಂತಾಳ. ಹಿಂದ ನಬಿಸಾಬ ಬ್ರೇಕ ಹಾಕ್ಯಾನ.

"ಯಾಕ ನಿಲ್ಲಿಸಿದ್ರಿ ನನ್ನ?"

"ನಿನ್ನ ಸಲುವಾಗೇನ ತಂಗಿ. ಛಲೋ ಮುಕ್ತಾಯ ಹುಡಕಾಕತ್ತೇನಿ."

"ನೀವ ಹುಡಕೂತನಕ ಗಡಿಯಾರ ನಿಲ್ತೈತೇನು?"

ವಾಚು ಒದರ್ತು: "ನೀವು ಎರಡು ನಿಮಿಷಗಳಿಂದ ನಿಂತಿದ್ದೀರಿ. ಈಗ ಗಂಟೆಗೆ ಇಪ್ಪತ್ತೆರಡು ಕಿಲೋಮೀಟರ್ ಬೇಕು. ನಿಂತ ಕಾರಣ ಚಹಾ ಇರಬಹುದೇ?"

"ಚಾ ಅಲ್ಲೋ ತಮ್ಮಾ. ಚಾ ಆದ್ರ ನಡೀತಿತ್ತು. ಇಲ್ಲೊಬ್ಬರು ಮಾತಾಡಾಕತ್ತಾರ." ನನ್ನ ಕಡೆ ತಿರುಗಿದಳು. "ಎಂಬತ್ತರ ಮುದುಕಿ ಓಡಿದಳು. ಕಾಶಿಬಾಯಿ ಓಡಿದಳು. ನಿಮಗೇನ ದಾಡಿ ಆಗೈತಿ? ಮಾತಾಡೂದಿದ್ರ ಓಡಕೋತ ಮಾತಾಡ್ರಿ."

ಮೋಟಾರಸೈಕಲ್ಲಿಂದ ಇಳದೆ. ಐವತ್ತೊಂದ ವಯಸ್ಸು, ಇಪ್ಪತ್ತಾರ ವರ್ಷ ಕುಂತ ಕೆಲಸ ಮಾಡಿದ ಮೈ. ಆಕಿ ಪೆಡಲಿಗೆ ಕಾಲ ಹಾಕಿದಳು. ನಾ ಬಾಜೂಕ ಓಡಿದೆ.

"ಕೇಳು... ಮೂರನೇದ್ದೊಂದ ಐತಿ... ಇದ ಛಲೋ ಐತಿ. ಸಾಲಿ ಗೇಟಿನ ಮುಂದ ಹನ್ನೊಂದೂ ಹುಡುಗ್ಯಾರು ಸೈಕಲ್ ಹಿಡಕೊಂಡ ನಿಂತಾರ... ಯಾರಿಗೂ ನಿಂದರಾಕ ಆಗವಲ್ದು... ಅಷ್ಟರಾಗ ಪ್ರಿಯದರ್ಶಿನಿ ದೂರಿಂದ ಟ್ರ್ಯಾಕ್ಟರಿನ ಬೆಳಕ ನೋಡ್ತಾಳ, ಅದರ ಮುಂದ ನಿನ್ನ ನೆರಳ ನೋಡ್ತಾಳ, ನೋಡಿದಾಕೀನ ಸೈಕಲ್ ಹತ್ತಿ, ಯಾರ ಅಪ್ಪಣಿನೂ ಕೇಳದ, ನಿನ್ನ ಕಡೆ... ಏ ಕಸ್ತೂರಿ, ಅಷ್ಟ ಮುಂದ ಹೋಗಬ್ಯಾಡ, ತಡಿ, ಇನ್ನ ಗಡಿಯಾರದಾಗ ಎಷ್ಟ ಆಗಿತ್ತಂದ್ರ